ಡಿಸ್ಕ್ ಪ್ಲೇಯರ್: ಮುಧೋಳ ಸೀಮೆಯ ಮನೆಬಳಕೆಯಲ್ಲಿ

ಡಿಸ್ಕ್ ಪ್ಲೇಯರ್: 12 ಸೆಂ.ಮೀ. ವ್ಯಾಸದ ತಟ್ಟೆಯಲ್ಲಿ ದಾಖಲಾದ ಚಿತ್ರ ಮತ್ತು ಧ್ವನಿಯನ್ನು ಲೇಸರ್ ಕಿರಣದಿಂದ ಓದಿ ಟೀವಿಗೆ ಕಳಿಸುವ ಉಪಕರಣ. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ವಿಸಿಡಿ, ಡಿವಿಡಿ ಯಾವುದೇ ಇರಲಿ, ಜನರ ಬಾಯಲ್ಲಿ ಅದು ಸೀಡಿ ಪ್ಲೇಯರ್. ಸಿನಿಮಾ ಮೊಬೈಲಿನಲ್ಲೇ ಸಿಗುವ ಈ ಕಾಲದಲ್ಲೂ ಇದನ್ನು ಕೊಳ್ಳಲು ಗಟ್ಟಿ ಕಾರಣವಿದೆ. ಹಳೆಯ ಚಿತ್ರಗಳ ಜೊತೆಗೆ ಮನೆಯ ಮದುವೆ, ಜಾತ್ರೆಯಲ್ಲಿ ಆಡಿದ ನಾಟಕ, ಡೊಳ್ಳಿನ ಪದ, ಶ್ರೀಕೃಷ್ಣ ಪಾರಿಜಾತದ ಆಟ ಎಷ್ಟೋ ಮನೆಗಳಲ್ಲಿ ಡಿಸ್ಕಿನಲ್ಲಷ್ಟೇ ಉಳಿದಿವೆ. ಆದ್ದರಿಂದ ಕಡಿಮೆ ಬೆಲೆಯ ಪ್ಲೇಯರ್ ಆರಿಸುವಾಗ ಮೊದಲು ನೋಡಬೇಕಾದದ್ದು ಅಂಗಡಿಯ ಡಬ್ಬಿಯ ಮೇಲಿನ ಬರಹವನ್ನಲ್ಲ, ಮನೆಯ ಟ್ರಂಕಿನಲ್ಲಿರುವ ಡಿಸ್ಕನ್ನು.

1980ರ ದಶಕದಲ್ಲಿ ಹಳ್ಳಿಗಳಲ್ಲಿ ಪಟ್ಟಿ ಎತ್ತಿ ಟೀವಿ, ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುವ ರೂಢಿಯಿತ್ತು. ವಿಸಿಡಿಯ ಮಾನಕ ಸಿದ್ಧವಾದದ್ದು 1993ರಲ್ಲಿ. ಒಂದು ಡಿಸ್ಕಿನಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಎರಡೂವರೆ ತಾಸಿನ ಕನ್ನಡ ಚಿತ್ರಕ್ಕೆ ಎರಡು, ಕೆಲವೊಮ್ಮೆ ಮೂರು ಡಿಸ್ಕ್ ಬೇಕಾದವು. ನಡುವೆ ಎದ್ದು ಡಿಸ್ಕ್ ಬದಲಿಸುವುದು ಆ ಕಾಲದವರಿಗೆಲ್ಲ ನೆನಪಿದೆ. ಡಿವಿಡಿ 1996ರ ನವೆಂಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅದರ ಒಂದು ಪದರದಲ್ಲಿ 4.7 ಜಿಬಿ ಹಿಡಿಯುವುದರಿಂದ ಇಡೀ ಚಿತ್ರ ಒಂದೇ ಡಿಸ್ಕಿನಲ್ಲಿ ಕೂತಿತು. ನಮ್ಮ ದೇಶದ ಸಾಮಾನ್ಯ ಕುಟುಂಬಕ್ಕೆ ಡಿಸ್ಕ್ ಕೈಗೆಟುಕಿದ್ದರಲ್ಲಿ ಮೋಸರ್ ಬೇಯರ್ ಕಂಪನಿಯ ಪಾಲು ದೊಡ್ಡದು. ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿಯಂತೆ ಅದು ಅಸಲಿ ಡಿಸ್ಕನ್ನೇ ಮಾರಿತು. ಅದೇ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚಿತು.

ಪ್ಲೇಯರಿನ ಜೀವ ಅದರ ಲೆನ್ಸು. ಸೀಡಿ, ವಿಸಿಡಿ ಓದಲು 780 ನ್ಯಾನೊಮೀಟರ್ ತರಂಗದ ಲೇಸರ್ ಬೇಕು, ಡಿವಿಡಿಗೆ 650. ಡಿವಿಡಿ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ, ಆದರೆ ಎರಡೂ ಒಟ್ಟಿಗೇ ಸವೆಯಬೇಕೆಂದಿಲ್ಲ. ಡಿವಿಡಿ ಸಲೀಸಾಗಿ ಓಡಿಸುವ ಯಂತ್ರ ಮದುವೆಯ ವಿಸಿಡಿ ಹಾಕಿದರೆ ‘ನೋ ಡಿಸ್ಕ್’ ಎನ್ನುವುದುಂಟು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನ ತಳ ಬೆಳ್ಳಿಯಂತೆ ಹೊಳೆಯುತ್ತದೆ. ಫೋಟೊ ಸ್ಟುಡಿಯೊದವರು ಕಂಪ್ಯೂಟರಿನಲ್ಲಿ ರೈಟ್ ಮಾಡಿಕೊಟ್ಟ ಸೀಡಿಯ ತಳದಲ್ಲಿ ಬಹುಮಟ್ಟಿಗೆ ಹಸಿರು ಇಲ್ಲವೆ ನೀಲಿ ಛಾಯೆ ಕಾಣುತ್ತದೆ. ಈ ಎರಡನೆಯ ಬಗೆಯದು ಬೆಳಕನ್ನು ಕಡಿಮೆ ಮರಳಿಸುತ್ತದೆ. ಸೋತ ಲೆನ್ಸ್ ಮೊದಲು ಮುಗ್ಗರಿಸುವುದು ಅದರಲ್ಲೇ.

ಹೀಗಾಗಿ ಅಂಗಡಿಗೆ ಹೋಗುವಾಗ ಮನೆಯ ಡಿಸ್ಕುಗಳಲ್ಲಿ ಗೆರೆ ಬಿದ್ದದ್ದೊಂದು, ರೈಟ್ ಮಾಡಿದ್ದೊಂದು ಜೊತೆಗೆ ಒಯ್ಯಬೇಕು. ಆರಂಭದ ದೃಶ್ಯ ನೋಡಿ ತೃಪ್ತಿಪಡುವುದು ಸಾಲದು. ಓದು ಡಿಸ್ಕಿನ ನಡುವಿನಿಂದ ಶುರುವಾಗಿ ಅಂಚಿಗೆ ಸಾಗುತ್ತದೆ. ಡಿಸ್ಕ್ ತುಂಬ ದಾಖಲಾದ ಚಿತ್ರದ ಕೊನೆಯ ಹತ್ತು ನಿಮಿಷ ಅಂಚಿನಲ್ಲಿರುತ್ತವೆ. ರಿಮೋಟಿನಿಂದ ನೇರವಾಗಿ ಅಲ್ಲಿಗೆ ಹೋಗಿ. ಚಿತ್ರ ಚೌಕಚೌಕವಾಗಿ ಒಡೆಯದೆ, ಧ್ವನಿ ತಡವರಿಸದೆ ಓಡಿದರೆ ಆ ಯಂತ್ರ ಕೊಳ್ಳಲು ಯೋಗ್ಯ. ಸೆಕೆಂಡ್ ಹ್ಯಾಂಡ್ ಪ್ಲೇಯರಿಗೆ ಈ ಪರೀಕ್ಷೆ ತಪ್ಪಲೇಬಾರದು. ಆ ಮಾದರಿಗೆ ಬದಲಿ ಲೆನ್ಸ್ ಸಿಗುತ್ತದೆಯೇ ಎಂದು ಊರಿನ ರಿಪೇರಿಯವರನ್ನು ಮೊದಲೇ ಕೇಳಿಕೊಳ್ಳುವುದು ಗ್ಯಾರಂಟಿ ಕಾರ್ಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೆಯ ಪ್ರಶ್ನೆ ಟೀವಿಯದು. ಹಳೆಯ ಡಬ್ಬಾ ಟೀವಿಗೆ ಮೂರು ಬಣ್ಣದ ವೈರು ಸಾಕು: ಹಳದಿ ಚಿತ್ರಕ್ಕೆ, ಕೆಂಪು, ಬಿಳಿ ಧ್ವನಿಗೆ. ಈಚಿನ ಕೆಲವು ಎಲ್‌ಇಡಿ ಟೀವಿಗಳಲ್ಲಿ ಹಳದಿ ತೂತೇ ಇಲ್ಲ. ಅಂಥಲ್ಲಿ ಎಚ್‌ಡಿಎಂಐ ಇರುವ ಪ್ಲೇಯರ್ ಬೇಕು. ಟೀವಿಯ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಅಂಗಡಿಯವರಿಗೆ ತೋರಿಸಿದರೆ ಗೊಂದಲವಿರದು. ಡಬ್ಬಿಯ ಮೇಲೆ ‘1080ಪಿ’ ಎಂದಿದೆ ಎಂದು ಹೆಚ್ಚು ಹಣ ಕೊಡಬೇಕಿಲ್ಲ. ನಮ್ಮ ವಿಸಿಡಿಯ ಚಿತ್ರ 352×288 ಚುಕ್ಕೆಗಳದು, ಡಿವಿಡಿಯದು 720×576, ಸುಮಾರು ನಾಲ್ಕು ಪಟ್ಟು. ಡಿಸ್ಕಿನಲ್ಲಿ ಇಲ್ಲದ ವಿವರವನ್ನು ಯಾವ ಪ್ಲೇಯರೂ ತಂದುಕೊಡದು. ಹಿಗ್ಗಿಸುವ ಕೆಲಸವನ್ನು ಟೀವಿಯೂ ಮಾಡುತ್ತದೆ. ಹೋಮ್ ಥಿಯೇಟರ್ ಡಬ್ಬಿಗಳಲ್ಲಿ ಸಾವಿರಗಟ್ಟಲೆ ತೋರಿಸುವ ಪಿಎಂಪಿಒ ವ್ಯಾಟ್ ಬರೀ ಪ್ರಚಾರ. ಆರ್‌ಎಂಎಸ್ ಎಂದು ಬರೆದ ಸಣ್ಣ ಅಂಕಿಯನ್ನೇ ನಂಬಬೇಕು.

ಪೆನ್‌ಡ್ರೈವ್ ಹಾಕುವ ಯುಎಸ್‌ಬಿ ಇದ್ದರೆ ಒಳ್ಳೆಯದು. ಆದರೆ ಅಗ್ಗದ ಎಷ್ಟೋ ಡಿವಿಡಿ ಪ್ಲೇಯರುಗಳು ಎವಿಐನಂಥ ಹಳೆಯ ಬಗೆಯ ಕಡತಗಳನ್ನಷ್ಟೇ ಓದುತ್ತವೆ. ಮೊಬೈಲಿನಿಂದ ಹಾಕಿಕೊಂಡ ಎಂಪಿ4 ಓಡದಿದ್ದರೆ ಅದು ಯಂತ್ರದ ಕೆಡುಕಲ್ಲ.

ಈ ಸೀಮೆಯಲ್ಲಿ ಪ್ಲೇಯರಿಗೆ ದೊಡ್ಡ ಶತ್ರು ಧೂಳು. ರಬಕವಿ, ಬನಹಟ್ಟಿಗಳಲ್ಲಿ ಮಗ್ಗ ಓಡುವ ಮನೆಗಳಲ್ಲಿ ನೂಲಿನ ಸಣ್ಣ ಎಳೆಗಳು ಗಾಳಿಯಲ್ಲೇ ತೇಲುತ್ತಿರುತ್ತವೆ. ಡಿಸ್ಕ್ ಇಡುವ ತಟ್ಟೆ ತೆರೆದಾಗೊಮ್ಮೆ ಒಳಗೆ ಸೇರಿ ಲೆನ್ಸಿನ ಮೇಲೆ ಕೂರುತ್ತವೆ. ತಟ್ಟೆ ತೆರೆದು ಬಿಡಬಾರದು, ಬಳಸದಾಗ ಬಟ್ಟೆ ಮುಚ್ಚಬೇಕು, ಓಡುವಾಗ ಮಾತ್ರ ಬಟ್ಟೆ ತೆಗೆದು ಗಾಳಿಯಾಡಲು ಬಿಡಬೇಕು. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತು ಹಾಕಿ ಒರೆಸಿದರೆ ಬೀಳುವ ಗೆರೆ ದಾಖಲಾತಿಯ ಸಾಲಿನುದ್ದಕ್ಕೂ ಹೋಗುವುದರಿಂದ ತಪ್ಪು ತಿದ್ದಿಕೊಳ್ಳುವ ಯಂತ್ರದ ಶಕ್ತಿಗೂ ಅದು ಮೀರುತ್ತದೆ. ಮುಚ್ಚಳ ಬಿಚ್ಚಿ ಚಾಲೂ ಇರುವ ಲೆನ್ಸಿನೊಳಗೆ ಇಣುಕುವುದು ಕಣ್ಣಿಗೆ ಅಪಾಯ. 780ರ ಕಿರಣ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ವೋಲ್ಟೇಜ್ ಏರಿಳಿತಕ್ಕೆ 100ರಿಂದ 240 ವೋಲ್ಟ್ ತನಕ ತಾಳುವ ಮಾದರಿ ಲೇಸು. ಪ್ಲೇಯರ್ ಎಳೆಯುವ ವಿದ್ಯುತ್ ತೀರ ಕಡಿಮೆ, ಇನ್ವರ್ಟರಿನಲ್ಲೂ ಓಡುತ್ತದೆ.

ಹೊರದೇಶದಿಂದ ನೆಂಟರು ತಂದ ಡಿವಿಡಿ ಓಡದಿದ್ದರೆ ವಲಯಸಂಖ್ಯೆ ನೋಡಿ: ಭಾರತ 5, ಅಮೆರಿಕ 1, ಕೊಲ್ಲಿ ದೇಶಗಳು 2. ಬ್ಲೂ-ರೇ ಚಿತ್ರ ಸೊಗಸಾದರೂ ಕನ್ನಡ ಚಿತ್ರಗಳು ಅದರಲ್ಲಿ ಬಂದದ್ದು ವಿರಳ, ಮೇಲಾಗಿ ಎಲ್ಲ ಬ್ಲೂ-ರೇ ಪ್ಲೇಯರುಗಳೂ ವಿಸಿಡಿ ಓದುವುದಿಲ್ಲ. ಮಿತವಾದ ಖರ್ಚಿನ ಮನೆಗೆ ವಿಸಿಡಿ, ಡಿವಿಡಿ ಎರಡನ್ನೂ ಓದುವ, ಯುಎಸ್‌ಬಿ ಇರುವ ಸಾದಾ ಡಿವಿಡಿ ಪ್ಲೇಯರೇ ಸರಿಯಾದ ಆಯ್ಕೆ.

ರೈಟ್ ಮಾಡಿದ ಡಿಸ್ಕಿನ ಬಣ್ಣದ ಪದರ ಬಿಸಿಲಿಗೆ, ಸೆಕೆಗೆ ಮಾಸುತ್ತಾ ಹೋಗುತ್ತದೆ. ಮಾಸಿದ ಮೇಲೆ ಯಾವ ಹೊಸ ಪ್ಲೇಯರೂ ಅದನ್ನು ಓದದು. ಮದುವೆ, ನಾಟಕದ ವಿಸಿಡಿ ಇನ್ನೂ ಓಡುತ್ತಿರುವಾಗಲೇ ಕಂಪ್ಯೂಟರಿನಲ್ಲಿ ಹಾಕಿ, ‘ಎಂಪಿಇಜಿಎವಿ’ ಎಂಬ ಫೋಲ್ಡರಿನಲ್ಲಿರುವ ‘ಡಿಎಟಿ’ ಕಡತಗಳನ್ನು ಎರಡು ಕಡೆ ನಕಲು ಮಾಡಿ ಇಟ್ಟುಕೊಳ್ಳಿ.