ಕಡಲತೀರದ ಬಸದಿಗಳು: ಒಂದು ದಿನದ ಯಾತ್ರೆ

ಭೀಮಾತೀರದ ಹಲಸಂಗಿ ಸೀಮೆಯ ಶ್ರಾವಕರಿಗೆ ಯಾತ್ರೆಯೆಂದೊಡನೆ ನೆನಪಾಗುವುದು ಶ್ರವಣಬೆಳ್ಗೊಳ, ಕಾರ್ಕಳ, ಮೂಡಬಿದಿರೆಗಳು. ಆದರೆ ಜೈನ ಅರಸರ ಹಾಗೂ ವಣಿಕರ ಏಳುಬೀಳುಗಳ ಚರಿತ್ರೆಯನ್ನು ಅರಿಯಬಯಸುವವರು ಹೊನ್ನಾವರದಿಂದ ಬಾರಕೂರಿನವರೆಗಿನ ಕಡಲತೀರವನ್ನೂ ಕಾಣಬೇಕು. ಹೊನ್ನಾವರದಲ್ಲಿ ಬೆಳಗಾದೊಡನೆ ಹೊರಟರೆ ಗೇರುಸೊಪ್ಪೆ, ಭಟ್ಕಳ, ಬಾರಕೂರುಗಳನ್ನು ಒಂದೇ ದಿನದಲ್ಲಿ ದರ್ಶಿಸಬಹುದು.

ಹೊನ್ನಾವರವು ಶರಾವತಿಯು ಸಮುದ್ರವನ್ನು ಸೇರುವ ಸ್ಥಳ. ಅಲ್ಲಿಂದ ನದಿಯ ಜಾಡಿನಲ್ಲಿ ಒಳನಾಡಿಗೆ ಸಾಗಿದರೆ, ಘಟ್ಟದ ಅಡಿಯಲ್ಲಿ ಗೇರುಸೊಪ್ಪೆಯಿದೆ. ಘಟ್ಟದ ಮೆಣಸು ಈ ನದೀಮಾರ್ಗವಾಗಿಯೇ ದೋಣಿಗಳಲ್ಲಿ ಬಂದರಿಗೆ ಇಳಿಯುತ್ತಿತ್ತು. 1552ರಿಂದ 1606ರವರೆಗೆ ಇಲ್ಲಿ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ನಗರಬಸ್ತಿಕೇರಿಯ ಅಡವಿಯ ನಡುವೆ ನಿಂತಿರುವ ಚತುರ್ಮುಖ ಬಸದಿಯು ಆ ಸಂಸ್ಥಾನದ ವೈಭವಕ್ಕೆ ಸಾಕ್ಷಿ. ನಾಲ್ಕು ದಿಕ್ಕಿಗೆ ನಾಲ್ಕು ದ್ವಾರಗಳು. ಯಾವ ದಿಕ್ಕಿನಿಂದ ಬಂದವನಿಗೂ ಜಿನಬಿಂಬದ ದರ್ಶನ.

ಕೆಳದಿಯ ವೆಂಕಟಪ್ಪ ನಾಯಕನಿಂದ ರಾಣಿಯ ರಾಜ್ಯವು ಕೊನೆಗೊಂಡಿತು. ಅನಂತರ 17 ವರ್ಷಗಳಲ್ಲಿ, ಅಂದರೆ 1623ರಲ್ಲಿ, ಈ ದಾರಿಯಾಗಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕಂಡದ್ದು ಹಾಳುಬಿದ್ದ ನಗರ, ಗಿಡಮರ ಬೆಳೆದ ಅರಮನೆ. ಐದು ದಶಕಗಳ ಸಿರಿ ಅಳಿಯಲು ಎರಡು ದಶಕಗಳೂ ಬೇಕಾಗಲಿಲ್ಲ. ಆದರೂ ಸಮೀಪದ ಜ್ವಾಲಾಮಾಲಿನಿ ದೇವಿಯ ಸನ್ನಿಧಿಗೆ ಭಕ್ತರು ಇಂದಿಗೂ ಬರುತ್ತಿರುವುದು ಸಮಾಧಾನದ ಸಂಗತಿ.

ಮರಳಿ ಹೊನ್ನಾವರಕ್ಕೆ ಬಂದು ದಕ್ಷಿಣಕ್ಕೆ ಸಾಗಿದರೆ ಭಟ್ಕಳ. ವಿಜಯನಗರಕ್ಕೆ ಬೇಕಾದ ಕುದುರೆಗಳು ಹೊರ್ಮುಜಿನಿಂದ ಈ ಬಂದರಿಗೆ ಬರುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣಗಳು ಇಲ್ಲಿಂದ ಹೊರಹೋಗುತ್ತಿದ್ದವು. ಪೇಟೆಯಲ್ಲಿರುವ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯು ಎರಡು ಅಂತಸ್ತಿನದು. ಅದರ ಮಾನಸ್ತಂಭವು ಕಣ್ಮನ ಸೆಳೆಯುತ್ತದೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತದಲ್ಲಿ ರಚಿಸಿದ ಭಟ್ಟಾಕಳಂಕದೇವನಿಂದ ಊರಿಗೆ ಈ ಹೆಸರು ಬಂದಿತೆಂಬ ಪ್ರತೀತಿಯಿದೆ. ಆದರೆ ಆ ಗ್ರಂಥಕ್ಕೆ ನೂರು ವರ್ಷ ಮೊದಲೇ ಪೋರ್ಚುಗೀಸರು ಊರನ್ನು ಇದೇ ಬಗೆಯ ಹೆಸರಿನಿಂದ ಕರೆಯುತ್ತಿದ್ದರು. ಹೆಸರು ಹೇಗೇ ಬಂದಿರಲಿ, ಭಟ್ಟಾಕಳಂಕನ ಗುರುಪೀಠವು ಇದೇ ಸೀಮೆಯ ಹಾಡುವಳ್ಳಿಯದೆಂಬುದು ಹೆಮ್ಮೆಯ ವಿಷಯ. ವ್ಯಾಪಾರದ ಸಿರಿಯ ಜತೆಗೆ ವಿದ್ಯೆಯೂ ಇಲ್ಲಿ ಬೆಳೆದಿತ್ತು. ಆ ಸಿರಿಯೇ ಶತ್ರುಗಳನ್ನೂ ಕರೆತಂದಿತು. 1542ರಲ್ಲಿ ಪೋರ್ಚುಗೀಸರು ಊರನ್ನು ಸೂರೆಮಾಡಿದರು.

ಇಳಿಹೊತ್ತಿಗೆ ಕುಂದಾಪುರವನ್ನು ದಾಟಿ ಬಾರಕೂರನ್ನು ಸೇರಬಹುದು. ಆಳುಪರ ರಾಜಧಾನಿಯಾಗಿದ್ದ ಈ ಊರು, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತದ ಮುಖ್ಯಸ್ಥಾನವಾಯಿತು. ಇಲ್ಲಿಯ ಕತ್ತಲೆ ಬಸದಿಯ ಕಂಬಗಳು ಗಟ್ಟಿಮುಟ್ಟಾಗಿ ನಿಂತಿವೆ. ಆದರೆ ನಿತ್ಯಾಭಿಷೇಕದ ಧ್ವನಿ ಕೇಳಿಬರುವುದಿಲ್ಲ. ಸರಕಾರದ ರಕ್ಷಣೆಯಿಂದ ಕಲ್ಲು ಉಳಿದೀತು. ದೀಪ ಹಚ್ಚುವ ಕೈ ಮಾತ್ರ ಸಮಾಜದಿಂದಲೇ ಬರಬೇಕು.

ಇದೇ ಕರಾವಳಿಯ ಒಳಭಾಗದಲ್ಲಿರುವ ಮೂಡಬಿದಿರೆಯ ಕಥೆ ಬೇರೆ. 1430ರಲ್ಲಿ ಆರಂಭವಾದ ಸಾವಿರ ಕಂಬದ ಬಸದಿಯೂ ಸೇರಿದಂತೆ ಅಲ್ಲಿಯ 18 ಬಸದಿಗಳು ಇಂದಿಗೂ ಜನರ ನಡುವೆ ಬಾಳುತ್ತಿವೆ. ಸೆಟ್ಟಿಕಾರರ ದಾನ ಅಲ್ಲಿಯೂ ಹರಿದಿತ್ತು. ಅರಸೊತ್ತಿಗೆಗಳು ಅಲ್ಲಿಯೂ ಅಳಿದವು. ಆದರೆ ಮಠವೂ ಶ್ರಾವಕ ಮನೆತನಗಳೂ ಊರನ್ನು ಬಿಡಲಿಲ್ಲ. ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಬೇರೆಲ್ಲಿಯೂ ಸಿಗದಾದಾಗ ಅಲ್ಲಿ ಉಳಿದುಬಂದದ್ದು ಈ ಕಾರಣದಿಂದಲೇ.

ವ್ಯಾಪಾರಿಗಳ ಸಮಾಜಕ್ಕೆ ಈ ಲೆಕ್ಕ ಸುಲಭವಾಗಿ ತಿಳಿಯತಕ್ಕದ್ದು. ಬಸದಿಯನ್ನು ಕಟ್ಟುವುದು ಮೂಲಧನವಿದ್ದಂತೆ. ನಿತ್ಯಪೂಜೆ, ಸ್ವಾಧ್ಯಾಯ, ಮಕ್ಕಳ ಧಾರ್ಮಿಕ ಶಿಕ್ಷಣಗಳು ಅದರ ನಿತ್ಯದ ವಹಿವಾಟು. ವಹಿವಾಟು ನಿಂತ ಅಂಗಡಿಯಲ್ಲಿ ಮೂಲಧನ ಎಷ್ಟಿದ್ದರೇನು? ಪ್ರತಿಷ್ಠಾ ಮಹೋತ್ಸವವು ಕೆಲವು ದಿನಗಳಲ್ಲಿ ಮುಗಿಯುತ್ತದೆ. ಪ್ರತಿಷ್ಠಾಪಿತ ಬಿಂಬದ ಸೇವೆಯಾದರೋ ತಲೆಮಾರುಗಳ ಹೊಣೆ. ಹಲಸಂಗಿ ಸೀಮೆಯ ಧರ್ಮಬಂಧುಗಳು ತಮ್ಮ ಮಕ್ಕಳೊಂದಿಗೆ ಒಮ್ಮೆ ಈ ಕಡಲತೀರಕ್ಕೆ ಹೋಗಿಬರಲಿ. ಗೇರುಸೊಪ್ಪೆಯ ಕಲ್ಲುಗಳು ಈ ಮಾತನ್ನು ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಮನಗಾಣಿಸುತ್ತವೆ.