ಲಂಡನ್ನಿನ ವಾಲ್ರಸ್, ಮೈಸೂರಿನ ಹುಲಿ

ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಚರ್ಮದೊಳಗೆ ತುಂಬಿ ನಿಲ್ಲಿಸಿರುವ ವಾಲ್ರಸ್ ಎಂಬ ಕಡಲಪ್ರಾಣಿ ಕೆನಡಾದ ಹಡ್ಸನ್ ಕೊಲ್ಲಿಯದು. 1886ರಲ್ಲಿ ಅದೇ ನಗರದಲ್ಲಿ ನಡೆದ ವಸಾಹತು ಮತ್ತು ಭಾರತೀಯ ಪ್ರದರ್ಶನದಲ್ಲಿ ಜನ ಅದನ್ನು ಕಂಡರು. ಈ ಪ್ರಾಣಿಯ ಚರ್ಮದಲ್ಲಿ ಸಹಜವಾಗಿಯೇ ಮಡಿಕೆಗಳಿರುತ್ತವೆ. ಅದನ್ನರಿಯದ ಕಸುಬುದಾರರು ಒಂದು ಸುಕ್ಕೂ ಉಳಿಯದಂತೆ ತುಂಬಿಬಿಟ್ಟರು. ಆ ಎಡವಟ್ಟೇ ಅದಕ್ಕೆ ಹೆಸರು ತಂದಿತೆನ್ನಬೇಕು.

ಮೈಸೂರಿನ ಕಸುಬುದಾರರಿಗಾದರೋ ತಾವು ತುಂಬುವ ಪ್ರಾಣಿಗಳ ಪರಿಚಯವಿತ್ತು. 1900ರ ಸುಮಾರಿಗೆ ಯೂಜಿನ್ ವ್ಯಾನ್ ಇಂಗೆನ್ ಅಲ್ಲಿ ಆರಂಭಿಸಿದ, ಸತ್ತ ಪ್ರಾಣಿಗಳನ್ನು ತುಂಬುವ ಕಾರ್ಖಾನೆಯನ್ನು ಅವರ ಮಕ್ಕಳು ಬೆಳೆಸಿದರು. ಕಾಗದ, ಅಂಟಿನಿಂದ ಅಚ್ಚಿನಲ್ಲಿ ತೆಗೆದ ಪೊಳ್ಳು ಒಡಲಿಗೆ ಹದಮಾಡಿದ ಚರ್ಮ ಹೊದಿಸುವುದು ಅಲ್ಲಿನ ಪದ್ಧತಿಯಾಗಿತ್ತು. ಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಬೇಟೆಯಾಡಿದ 40,000ಕ್ಕೂ ಹೆಚ್ಚು ಹುಲಿ, ಚಿರತೆಗಳು ಅಲ್ಲಿಗೆ ಬಂದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕೆಲಸ ಕುಗ್ಗಿತು. 1999ರಲ್ಲಿ ಕಾರ್ಖಾನೆ ಮುಚ್ಚಿತು.