ರಾತ್ರಿ ಹತ್ತರವರೆಗೆ ತೆರೆದಿರುತ್ತದೆ

ಮ್ಯೂಸಿಯಂ ನೋಡುವುದಕ್ಕೆ ಎರಡು ಬೆಲೆ ತೆರಬೇಕು. ಒಂದು, ಕೌಂಟರಿನಲ್ಲಿ ಕೊಡುವ ದುಡ್ಡು. ಇನ್ನೊಂದು, ಅದು ತೆರೆದಿರುವ ಹೊತ್ತಿನಲ್ಲಿ ಅಲ್ಲಿಗೆ ಹೋಗಲು ಬೇಕಾದ ಪುರುಸೊತ್ತು. ಎರಡೂ ಬಾಗಿಲ ಬಳಿಯ ಬೋರ್ಡಿನ ಮೇಲೆಯೇ ಬರೆದಿರುತ್ತವೆ. ಆದರೆ ‘ಬೆಳಗ್ಗೆ 10ರಿಂದ ಸಂಜೆ 5’ ಎಂಬ ಸಾಲನ್ನು ನಾವು ಬೆಲೆ ಎಂದು ಓದುವುದಿಲ್ಲ. ಹಗಲೆಲ್ಲ ದುಡಿಯುವವರ ಪಾಲಿಗೆ ಮಾತ್ರ ಆ ಸಾಲು ಬಾಗಿಲು ಮುಚ್ಚಿದೆ ಎಂದೇ ಹೇಳುತ್ತಿರುತ್ತದೆ.

ಯುರೋಪಿನ ನಗರಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ರಾತ್ರಿಯ ಕಲಾ ಉತ್ಸವಗಳ ಇತಿಹಾಸ ಓದುವಾಗ ಈ ಎರಡನೆಯ ಬೆಲೆಯೇ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸಿತು. ಹೆಲ್ಸಿಂಕಿಯ ‘ಕಲೆಗಳ ರಾತ್ರಿ’ ಶುರುವಾದದ್ದು 1989ರಲ್ಲಿ. ಬರ್ಲಿನ್ನಿನ ‘ಮ್ಯೂಸಿಯಂಗಳ ದೀರ್ಘ ರಾತ್ರಿ’ 1997ರಲ್ಲಿ 12 ಮ್ಯೂಸಿಯಂಗಳೊಂದಿಗೆ ಆರಂಭವಾಯಿತು. ಅದಕ್ಕೆ ಟಿಕೆಟ್ ಇದೆ, ಒಂದೇ ಟಿಕೆಟ್ಟಿನಲ್ಲಿ ಬಸ್ಸು ಹತ್ತಿ ಊರೆಲ್ಲ ಸುತ್ತಬಹುದು. ಪ್ಯಾರಿಸಿನ ‘ನ್ವೀ ಬ್ಲಾಂಶ್’ 2002ರದ್ದು, ಪೂರ್ತಿ ಉಚಿತ. ಇವನ್ನೆಲ್ಲ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನಗರಗಳು ಪ್ರವಾಸಿಗರನ್ನು ಸೆಳೆಯಲು ಕಂಡುಕೊಂಡ ಉಪಾಯ ಎಂದು ವಿವರಿಸುವುದು ರೂಢಿ. ಅದರಲ್ಲಿ ಸತ್ಯವಿದೆ. ಆದರೆ ರಾತ್ರಿ ಹೊತ್ತು ಮ್ಯೂಸಿಯಂ ತೆರೆಯಬೇಕೆಂಬ ಆಲೋಚನೆ ಇದಕ್ಕಿಂತ ಸುಮಾರು ಒಂದೂವರೆ ಶತಮಾನ ಹಳೆಯದು. ಅದು ಹುಟ್ಟಿದ್ದು ದುಡಿಯುವವರ ಪುರುಸೊತ್ತಿನ ಪ್ರಶ್ನೆಯಾಗಿ, ಲಂಡನ್ನಿನಲ್ಲಿ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತು. ವಾರದ ಕೆಲವು ದಿನ ಪ್ರವೇಶದರವನ್ನು ಒಂದು ಶಿಲ್ಲಿಂಗಿಗೆ ಇಳಿಸಿದಾಗ ಜನಸಾಮಾನ್ಯರು ನುಗ್ಗಿ ಬಂದರು. ಅಷ್ಟೂ ತಿಂಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರವೇಶಗಳಾದವು. ಆದರೆ ಆ ಕಟ್ಟಡದಲ್ಲಿ ದೀಪವಿರಲಿಲ್ಲ, ಕತ್ತಲಾಗುವ ಮುಂಚೆ ಎಲ್ಲರೂ ಹೊರಡಬೇಕಿತ್ತು. ಪ್ರದರ್ಶನದಿಂದ ಉಳಿದ ಲಾಭದಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಜಾಗ ಕೊಂಡರು. 1857ರ ಜೂನ್‌ನಲ್ಲಿ ಅಲ್ಲೊಂದು ಮ್ಯೂಸಿಯಂ ತೆರೆಯಿತು. ಇಂದು ನಾವು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವುದು ಅದನ್ನೇ.

ಅದರ ಮುಖ್ಯಸ್ಥ ಹೆನ್ರಿ ಕೋಲ್ ಹಟದ ಮನುಷ್ಯ. ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ದುಡಿಯುವವನಿಗೆ ಹಗಲು ತನ್ನದಲ್ಲ, ಅವನಿಗಾಗಿ ಮ್ಯೂಸಿಯಂ ಇರುವುದಾದರೆ ಅದು ಅವನ ಹೊತ್ತಿಗೆ ತೆರೆದಿರಬೇಕು ಎಂಬುದು ಅವನ ವಾದ. ವಾರದಲ್ಲಿ ಕೆಲವು ಸಂಜೆ, ರಾತ್ರಿ 10ರವರೆಗೆ, ಮ್ಯೂಸಿಯಂ ತೆರೆದಿಡಲು ಏರ್ಪಾಟು ಮಾಡಿದ. ಒಳಗೆ ತಿಂಡಿ-ಕಾಫಿಗೂ ಒಂದು ಕೋಣೆ ಮಾಡಿಸಿದ. ಮ್ಯೂಸಿಯಮ್ಮಿನಲ್ಲಿ ತಿನ್ನುವ ಜಾಗ ಎಂಬುದೇ ಆಗ ಹೊಸದು.

ಕಷ್ಟ ಇದ್ದದ್ದು ಬೆಳಕಿನಲ್ಲಿ. ಆಗ ಇದ್ದದ್ದು ಗ್ಯಾಸ್ ದೀಪ. ಬೆಂಕಿಯ ಭಯ, ಶಾಖ, ಹೊಗೆ, ಮಸಿ. ವ್ಯಾಪಾರಿ ಜಾನ್ ಶೀಪ್‌ಶಾಂಕ್ಸ್ ತನ್ನ ಸಂಗ್ರಹದ 233 ತೈಲಚಿತ್ರಗಳನ್ನು ರಾಷ್ಟ್ರಕ್ಕೆ ಕೊಟ್ಟಿದ್ದ. ಅವುಗಳಿಗಾಗಿ ಸೇನೆಯ ಎಂಜಿನಿಯರ್ ಕ್ಯಾಪ್ಟನ್ ಫ್ರಾನ್ಸಿಸ್ ಫೌಕ್ ಕಟ್ಟಿದ ಗ್ಯಾಲರಿಯಲ್ಲಿ ಗ್ಯಾಸ್ ಉರಿಸಿದರೆ ಚಿತ್ರಗಳ ಗತಿಯೇನು? ಇದನ್ನು ನೋಡಿ ಹೇಳಲು ಒಂದು ಸಮಿತಿ ಮಾಡಿದರು. ಅದರಲ್ಲಿದ್ದವರಲ್ಲಿ ಮೈಕೆಲ್ ಫ್ಯಾರಡೆ ಒಬ್ಬರು. ಗ್ಯಾಸ್ ದೀಪದ ಹೊಗೆಯಿಂದ ಕ್ಲಬ್ಬೊಂದರ ಪುಸ್ತಕಗಳ ಚರ್ಮದ ರಟ್ಟು ಹಾಳಾಗುವುದನ್ನು ಅವರು ಅದಕ್ಕೆ ಮುಂಚೆಯೇ ಪರಿಶೀಲಿಸಿದ್ದರು. ಜೊತೆಗೆ ರಸಾಯನಶಾಸ್ತ್ರಜ್ಞ ಹಾಫ್‌ಮನ್, ಭೌತವಿಜ್ಞಾನಿ ಟಿಂಡಲ್, ಚಿತ್ರಕಾರ ರೆಡ್‌ಗ್ರೇವ್, ಮತ್ತು ಫೌಕ್. 1859ರ ಅವರ ವರದಿಯ ಸಾರ ಇಷ್ಟು: ಹೊಗೆ ಚಿತ್ರಗಳಿಗೆ ತಾಗದಂತೆ, ಬಿಸಿಗಾಳಿ ಮೇಲಿನಿಂದ ಹೊರಹೋಗುವಂತೆ ಮಾಡಿದರೆ ಗ್ಯಾಸ್ ಬೆಳಕಿಗೆ ಚಿತ್ರಶಾಲೆಯಲ್ಲಿ ಅಡ್ಡಿಯಿಲ್ಲ.

ಈ ವರದಿಯನ್ನು ತಂತ್ರಜ್ಞಾನದ ಚರಿತ್ರೆಯ ಒಂದು ಅಡಿಟಿಪ್ಪಣಿ ಎಂದು ದಾಟಿಬಿಡಬಹುದು. ನನಗೆ ಅದು ಹಾಗೆ ಕಾಣುವುದಿಲ್ಲ. ಆ ಕಾಲದ ದೊಡ್ಡ ವಿಜ್ಞಾನಿಗಳು ಕೂತು ಯೋಚಿಸಿದ್ದು ಬಡಗಿಯೊಬ್ಬ ಕೆಲಸ ಮುಗಿಸಿ ಬಂದ ಮೇಲೆ ಚಿತ್ರ ನೋಡಬಹುದೇ ಎಂಬುದನ್ನು. ‘ಬೆಂಕಿಯ ಭಯ’ ಸುಳ್ಳಲ್ಲ, ಆದರೆ ಅದು ಒಳ್ಳೆಯ ನೆಪವೂ ಆಗಿತ್ತು. ಬ್ರಿಟಿಷ್ ಮ್ಯೂಸಿಯಂ ಅದೇ ಭಯದಿಂದ ಗ್ಯಾಸನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಅಲ್ಲಿನ ವಾಚನಾಲಯಕ್ಕೆ ವಿದ್ಯುತ್ ದೀಪ ಬಂದದ್ದು 1879ರಲ್ಲಿ, ಗ್ಯಾಲರಿಗಳು ಸಂಜೆ ಬೆಳಗಿದ್ದು 1890ರಲ್ಲಿ. ದುಡಿಯುವವರಿಗಿದ್ದ ಒಂದೇ ರಜೆ ಭಾನುವಾರ. ಆ ದಿನ ಅದರ ಬಾಗಿಲು ತೆರೆಯಲು 1896ರವರೆಗೆ ಕಾಯಬೇಕಾಯಿತು. ಭಾನುವಾರ ದೇವರ ದಿನ, ಅಂದು ಮೂರ್ತಿ ಚಿತ್ರ ನೋಡುವುದು ಸಲ್ಲದು ಎನ್ನುವವರ ಕೈ ಅಷ್ಟು ಗಟ್ಟಿಯಾಗಿತ್ತು.

ಕೋಲ್‌ನನ್ನು ಸಂತನನ್ನಾಗಿ ಮಾಡಬೇಕಾಗಿಲ್ಲ. ಸಂಜೆಯ ಮ್ಯೂಸಿಯಂ ಹೆಂಡದಂಗಡಿಗೆ ಮದ್ದಾದೀತು ಎಂಬುದು ಅವನ ನಿರೀಕ್ಷೆ. ಕೂಲಿಕಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಇದ್ದುದರಲ್ಲಿ ಚೆನ್ನಾಗಿ ಉಟ್ಟುಕೊಂಡು ಬಂದು, ದೀಪಗಳನ್ನು ಕಂಡು ಬೆರಗಾಗುವುದನ್ನು ಅವನು ಸಂತೋಷದಿಂದ ವರ್ಣಿಸಿದ್ದಾನೆ. ಆ ಸಂತೋಷದಲ್ಲಿ ಬಡವರನ್ನು ತಿದ್ದುವ ಮೇಷ್ಟರ ದನಿಯೂ ಕೇಳುತ್ತದೆ. ಮ್ಯೂಸಿಯಂ ಎಂಬುದು ಜನರನ್ನು ಶಿಸ್ತಿಗೆ ಒಗ್ಗಿಸುವ ಯಂತ್ರವೂ ಹೌದು ಎಂದು ಟೋನಿ ಬೆನೆಟ್ 1995ರ ‘ದ ಬರ್ತ್ ಆಫ್ ದ ಮ್ಯೂಸಿಯಂ’ ಪುಸ್ತಕದಲ್ಲಿ ವಾದಿಸಿದ ಮೇಲೆ ನಮ್ಮಂಥ ವಿದ್ಯಾರ್ಥಿಗಳು ಆ ದನಿಯನ್ನಷ್ಟೇ ಕೇಳಿಸಿಕೊಳ್ಳುವುದು ಹೆಚ್ಚಾಗಿದೆ. ಆದರೆ ಒಳಗೆ ಕರೆದವರ ಉದ್ದೇಶ ಒಂದಾದರೆ ಬಂದವರ ಉದ್ದೇಶ ಇನ್ನೊಂದಿರಬಹುದಲ್ಲ? ಬೆಚ್ಚಗಿನ, ಬೆಳಕಿನ ದೊಡ್ಡ ಕೋಣೆಯಲ್ಲಿ ದುಡ್ಡಿಲ್ಲದೆ ಒಂದು ಸಂಜೆ ಕಳೆಯುವುದೇ ಕೆಲವರಿಗೆ ಸಾಕಾಗಿದ್ದೀತು.

ಇಲ್ಲಿಂದ ಪ್ಯಾರಿಸಿನ ರಾತ್ರಿಗೆ ನೇರ ದಾರಿಯಿಲ್ಲ, ನಡುವೆ ಫ್ರಾನ್ಸಿನ ನಾಂಟ್ ಎಂಬ ಊರಿದೆ. 1990ರಿಂದ ಅಲ್ಲಿ ಜಾನ್ ಬ್ಲೇಜ್ ಎಂಬ ಸಂಘಟಕ ಸಂಜೆ 6ರಿಂದ ಬೆಳಗ್ಗೆ 6ರವರೆಗೆ, ಆರು ರಾತ್ರಿಗಳ ಉತ್ಸವವೊಂದನ್ನು ನಡೆಸಿದರು. ಹಳೆಯ ಕಾರ್ಖಾನೆ, ಗೋದಾಮುಗಳೇ ಅದರ ರಂಗಸ್ಥಳ. ಅಲ್ಲಿನ ಹಡಗು ಕಟ್ಟೆ ಮುಚ್ಚಿ, ಊರು ಕಳೆಗುಂದಿದ್ದ ಕಾಲವದು. ಮುಂದೆ ಪ್ಯಾರಿಸಿನ ಮೇಯರ್ ಬರ್ಟ್ರಾಂಡ್ ದೆಲಾನೊವೆ ತಮ್ಮ ನಗರಕ್ಕೂ ಇಂಥದೊಂದು ರಾತ್ರಿ ಬೇಕೆಂದಾಗ ಮೊದಲ ವರ್ಷದ ಹೊಣೆ ಬಿದ್ದದ್ದು ಇದೇ ಬ್ಲೇಜ್ ಅವರ ಹೆಗಲಿಗೆ.

‘ನ್ವೀ ಬ್ಲಾಂಶ್’ ಎಂದರೆ ಅಕ್ಷರಶಃ ಬಿಳಿ ರಾತ್ರಿ. ಫ್ರೆಂಚ್ ಆಡುಮಾತಿನಲ್ಲಿ ನಿದ್ದೆಗೆಟ್ಟ ರಾತ್ರಿ. ಪರೀಕ್ಷೆಯ ಹಿಂದಿನ ದಿನ ನಾವು ‘ನಿನ್ನೆ ಪೂರ್ತಿ ಶಿವರಾತ್ರಿ’ ಎನ್ನುತ್ತೇವಲ್ಲ, ಹಾಗೆ. 2002ರ ಅಕ್ಟೋಬರ್ 5ರ ರಾತ್ರಿ ಮೊದಲ ಸಲ ಅದು ನಡೆಯಿತು. ಐಫೆಲ್ ಗೋಪುರದ ತುದಿಯ ಕೋಣೆಯೊಂದರಲ್ಲಿ ಕಲಾವಿದೆ ಸೋಫಿ ಕಾಲ್ ಹಾಸಿಗೆ ಹಾಸಿಕೊಂಡು ಮಲಗಿದ್ದರು. ಬಂದವರು ಒಬ್ಬೊಬ್ಬರೂ ಐದು ನಿಮಿಷ ಕತೆ ಹೇಳಿ ಅವರನ್ನು ನಿದ್ದೆ ಹೋಗದಂತೆ ನೋಡಿಕೊಳ್ಳಬೇಕು. ಕಲೆಗೆ ಪ್ರೇಕ್ಷಕ ಏನು ಕೊಡಬೇಕು ಎಂಬ ಪ್ರಶ್ನೆಗೆ ಇಷ್ಟು ಸರಳ ಉತ್ತರ ಬೇರೆ ಸಿಗಲಾರದು. ಒಂದು ಕತೆ, ಐದು ನಿಮಿಷ, ಅಷ್ಟೆ.

ಅದೇ ರಾತ್ರಿ ನಗರಸಭೆಯ ಭವ್ಯ ಕಟ್ಟಡವನ್ನೂ ಎಲ್ಲರಿಗೂ ತೆರೆದಿಟ್ಟಿದ್ದರು. ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಮೇಯರ್ ಜನರ ನಡುವೆಯೇ ಓಡಾಡುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ಒಬ್ಬ ಗುಂಪಿನಿಂದ ಬಂದು ಅವರ ಹೊಟ್ಟೆಗೆ ಚೂರಿ ಹಾಕಿದ. ದೆಲಾನೊವೆ ತಾವು ಸಲಿಂಗಪ್ರೇಮಿ ಎಂದು ಬಹಿರಂಗವಾಗಿ ಹೇಳಿಕೊಂಡವರು. ರಾಜಕಾರಣಿಗಳ ಮೇಲೂ ಸಲಿಂಗಿಗಳ ಮೇಲೂ ದ್ವೇಷವಿತ್ತೆಂದು ಹಲ್ಲೆಕೋರ ಪೊಲೀಸರಿಗೆ ಹೇಳಿದ. ಆಸ್ಪತ್ರೆಗೆ ಒಯ್ಯುವಾಗ ಮೇಯರ್ ಹೇಳಿದ್ದು, ಉತ್ಸವ ನಿಲ್ಲಬಾರದು ಎಂದು. ಅದು ಬೆಳಗಿನವರೆಗೆ ನಡೆಯಿತು. ಮರುವರ್ಷವೂ ನಡೆಯಿತು.

ಎಲ್ಲರಿಗೂ ಬಾಗಿಲು ತೆರೆಯುವುದೆಂದರೆ ನಿಜವಾಗಿ ಎಲ್ಲರಿಗೂ ಎಂದು ಅರ್ಥ. ಅದರ ಅಪಾಯ ಹತ್ತೊಂಬತ್ತನೆಯ ಶತಮಾನದ ಟ್ರಸ್ಟಿಗಳು ಭಯಪಟ್ಟದ್ದಕ್ಕಿಂತ ದೊಡ್ಡದೇ. ಆ ರಾತ್ರಿಯ ನಂತರ ಬಾಗಿಲು ಹಾಕಿಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಹಾಕಿಕೊಳ್ಳಲಿಲ್ಲ ಎಂಬುದೇ ಈ ಉತ್ಸವದ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ.

2024ರ ಜೂನ್ 1ರಂದು ನಾನೂ ಆ ಗುಂಪಿನಲ್ಲಿದ್ದೆ. ಉತ್ಸವ ಈಗ ಅಕ್ಟೋಬರಿನಿಂದ ಜೂನ್‌ಗೆ ಬಂದಿದೆ. ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಮುಕ್ಕಾಲು ಒಂಬತ್ತು ದಾಟಿದ ಮೇಲೆ. ಹತ್ತೂವರೆಯಾದರೂ ಆಕಾಶದ ಅಂಚಿನಲ್ಲಿ ಬೆಳಕು ಉಳಿದಿತ್ತು. ಅಪ್ಪಂದಿರ ಹೆಗಲ ಮೇಲೆ ಮಕ್ಕಳು, ಕೈಯಲ್ಲಿ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ಊಟ ಮಾಡುತ್ತಿದ್ದ ಹುಡುಗರು, ಕೋಲೂರಿಕೊಂಡು ಬಂದ ಅಜ್ಜಿಯರು. ನಮ್ಮ ಜಾತ್ರೆಯ ಜನ ಹೇಗೋ ಹಾಗೆ, ಯಾರಿಗೂ ಅವಸರವಿರಲಿಲ್ಲ. ನೋಡಿದ್ದರಲ್ಲಿ ಅರ್ಧ ಅರ್ಥವಾಗಲಿಲ್ಲ. ಅದರಿಂದ ಯಾರಿಗೂ ಬೇಸರವಾದಂತೆಯೂ ಕಾಣಲಿಲ್ಲ.

ಚಿಕ್ಕ ಮ್ಯೂಸಿಯಂ ಒಂದರಲ್ಲಿ ಕಾವಲಿಗಿದ್ದವರು ಜಾಫ್ನಾ ಕಡೆಯವರು. ನನ್ನ ಬೆಂಗಳೂರು ತಮಿಳಿನಲ್ಲಿ ಮಾತಾಡಿಸಿದೆ. ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಅಂದು ಮೊದಲ ಸಲ ಅಲ್ಲಿಗೆ ಬಂದಿದ್ದರು. ಹೆಂಡತಿಗೆ ಹಗಲೆಲ್ಲ ಕಚೇರಿಗಳನ್ನು ಸ್ವಚ್ಛ ಮಾಡುವ ಕೆಲಸವಂತೆ. ಪ್ಯಾರಿಸ್ ನಗರಸಭೆಯ ಮ್ಯೂಸಿಯಂಗಳ ಕಾಯಂ ಸಂಗ್ರಹ ನೋಡಲು 2001ರ ಕೊನೆಯಿಂದಲೇ ಟಿಕೆಟ್ ಇಲ್ಲ. ಇದೂ ಅಂಥದ್ದೇ. ‘ದುಡ್ಡು ಯಾವತ್ತೂ ಕೇಳಿರಲಿಲ್ಲ. ಪುರುಸೊತ್ತೇ ಇರಲಿಲ್ಲ’ ಎಂದರು. ದೊಡ್ಡ ಮಗಳು ಅಪ್ಪ ದಿನವೂ ನಿಲ್ಲುವ ಜಾಗದಲ್ಲಿ ನಿಂತು ಎದುರಿನ ಗೋಡೆಯ ಚಿತ್ರವನ್ನು ನೋಡುತ್ತಿದ್ದಳು. ಅಪ್ಪ ಮಾತ್ರ ಅವಳ ಜೊತೆ ಮುಂದಿನ ಕೋಣೆಗೆ ಹೋಗುವ ಹಾಗಿರಲಿಲ್ಲ. ಅವರದು ರಾತ್ರಿ ಪಾಳಿ.

ನಮಗೆ ಉಚಿತವಾದ ರಾತ್ರಿಗೆ ಬೇರೆ ಯಾರೋ ನಿದ್ದೆಗೆಟ್ಟಿರುತ್ತಾರೆ ಎಂಬುದು ಆ ಉತ್ಸವದ ಇನ್ನೊಂದು ಸತ್ಯ. ಮೆಟ್ರೊ ಓಡಿಸುವವರು, ಕಸ ಬಳಿಯುವವರು, ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವರು. ಇದನ್ನು ಮರೆತು ರಾತ್ರಿಯನ್ನು ಹಾಡಿ ಹೊಗಳಿದರೆ ಅರ್ಧ ಲೆಕ್ಕ ಮಾತ್ರ ಹೇಳಿದಂತೆ.

ಆದರೂ ನನ್ನನ್ನು ಹೆಚ್ಚು ಕಾಡುವುದು ಬೇರೆ. ಕೋಲ್‌ನ ಮ್ಯೂಸಿಯಂ ತೆರೆದಿದ್ದದ್ದು ವಾರ ವಾರವೂ. ಅದು ಹಬ್ಬವಲ್ಲ, ದಿನಚರಿ. ಈ ವಾರ ಮೈಗೆ ಹುಷಾರಿಲ್ಲದಿದ್ದರೆ ಮುಂದಿನ ವಾರ ಬರಬಹುದಿತ್ತು. ಈಗಿನ ರಾತ್ರಿ ವರ್ಷಕ್ಕೊಂದು. ದಿನಚರಿಯಾಗಿದ್ದದ್ದು ಉತ್ಸವವಾದಾಗ ಹಕ್ಕಾಗಿದ್ದದ್ದು ಉಡುಗೊರೆಯಾಗಿಬಿಡುತ್ತದೆ. ಉಡುಗೊರೆಗೆ ಥ್ಯಾಂಕ್ಸ್ ಹೇಳಬಹುದು, ಇಲ್ಲದಿದ್ದಾಗ ಯಾಕಿಲ್ಲ ಎಂದು ಕೇಳಲಾಗುವುದಿಲ್ಲ. ಹಳೆಯ ದಿನಚರಿ ಪೂರ್ತಿ ಅಳಿದಿಲ್ಲ ಎನ್ನುವುದೊಂದು ಸಮಾಧಾನ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಈಗಲೂ ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತದೆ.

ರಾತ್ರಿ ಬಯಲಲ್ಲಿ ಕೂತು ಬೆಳಗಿನವರೆಗೆ ಬಿಟ್ಟಿಯಾಗಿ ಆಟ ನೋಡುವುದು ಕನ್ನಡದವರಿಗೆ ಯಾರೂ ಕಲಿಸಬೇಕಾದ್ದಲ್ಲ. ಹರಕೆ ಬಯಲಾಟಕ್ಕೆ ಖರ್ಚು ಹಾಕುವವರು ಒಬ್ಬರು, ನೋಡುವವರು ಊರೆಲ್ಲ. ಹಗಲು ಗದ್ದೆಯಲ್ಲಿದ್ದವರು ರಾತ್ರಿ ರಂಗಸ್ಥಳದ ಮುಂದೆ ಕೂರುತ್ತಿದ್ದರು. ನಮ್ಮ ಮ್ಯೂಸಿಯಂಗಳು ಮಾತ್ರ ಆ ದಾರಿ ಹಿಡಿಯದೆ ಸರ್ಕಾರಿ ಕಚೇರಿಯ ವೇಳೆಗೆ ಅಂಟಿಕೊಂಡವು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರದ್ದು, ದೇಶದ ಹಳೆಯ ಮ್ಯೂಸಿಯಂಗಳಲ್ಲಿ ಒಂದು. ಸಂಜೆ ಐದಕ್ಕೆ ಅದರ ಬಾಗಿಲು ಹಾಕುತ್ತಾರೆ. ಊರಿನ ಅರ್ಧ ಜನಕ್ಕೆ ಆಗಿನ್ನೂ ಕೆಲಸ ಬಿಟ್ಟಿರುವುದಿಲ್ಲ.

ಅಲ್ಲಿ ವಾರಕ್ಕೆ ಒಂದೇ ಒಂದು ದಿನ ರಾತ್ರಿ ಹತ್ತರವರೆಗೆ ದೀಪ ಉರಿದರೆ ಸಾಕು, ಇಡೀ ರಾತ್ರಿಯ ಉತ್ಸವ ಬೇಡ. ಬೆಂಕಿ ಹತ್ತೀತೇ, ಚಿತ್ರ ಕೆಟ್ಟೀತೇ ಎಂದು ಕೇಳಲು ಇಂದು ಫ್ಯಾರಡೆಯನ್ನು ಕರೆಯಬೇಕಾಗಿಲ್ಲ. ಅದಕ್ಕೆ ಬೇಕಿರುವುದು ಕಾವಲುಗಾರರಿಗೆ ಸಂಜೆ ಪಾಳಿಯ ಸಂಬಳ, ಮತ್ತು ಅವರ ಹೆಂಡತಿ ಮಕ್ಕಳೂ ನೋಡಲು ಬರುವವರೇ ಎಂಬ ಎಚ್ಚರ.